ಕ್ಲೆರಿಕ್ ಇಲ್ಲದ ಪಾರ್ಟಿ ಬದುಕುತ್ತದೆಯೇ?

ಪ್ರಶ್ನೆ: ನಾವು ಐವರು ಗೆಳೆಯರು, ಮೈಸೂರಿನವರು. ಮಾತಿನಲ್ಲಿ ಕಥೆ ಕಟ್ಟುತ್ತ, ದಾಳ ಉರುಳಿಸುತ್ತ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಶುರು ಮಾಡಬೇಕೆಂದಿದ್ದೇವೆ. ಐದನೇ ಆವೃತ್ತಿಯ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇದೆ, ಜೊತೆಗೆ ಹೆಚ್ಚುವರಿ ಆಯ್ಕೆಗಳಿರುವ ಝಾನಥಾರ್ ಪುಸ್ತಕವೂ ಸಿಕ್ಕಿದೆ. ಆಡಿಸಬೇಕೆಂದಿರುವುದು ಹೊಸಬರ ಸ್ಟಾರ್ಟರ್ ಸೆಟ್‌ನ ಸಿದ್ಧ ಕಥೆ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’. ನಾನೇ ಡಿಎಂ, ಅಂದರೆ ಕಥೆ ನಡೆಸಿ ಶತ್ರುಗಳನ್ನು ಆಡಿಸುವುದು ನನ್ನ ಕೆಲಸ. ಉಳಿದ ನಾಲ್ವರಲ್ಲಿ ಇಬ್ಬರು ರೋಗ್ (ನುಸುಳುವ ಕಳ್ಳರು), ಒಬ್ಬಳು ಸಾರ್ಸರರ್ (ಹುಟ್ಟಿನಿಂದ ಮಂತ್ರಶಕ್ತಿ ಬಂದವಳು), ಒಬ್ಬ ವಾರ್ಲಾಕ್ (ಅತಿಮಾನುಷ ಶಕ್ತಿಯೊಂದಿಗೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆದವನು). ಗಾಯ ವಾಸಿ ಮಾಡುವ ಹೀಲರ್ ಇಲ್ಲ, ಮುಂದೆ ನಿಂತು ಏಟು ತಿನ್ನುವ ಟ್ಯಾಂಕ್ ಇಲ್ಲ. ದೇವರ ಬಲದಿಂದ ಗಾಯ ವಾಸಿ ಮಾಡುವ ಕ್ಲೆರಿಕ್ ಆಗು ಅಂದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಒಬ್ಬರನ್ನು ಹೇಗಾದರೂ ಒಪ್ಪಿಸಲೇಬೇಕೇ? ಅಥವಾ ನಾನೇ ಒಂದು ಕ್ಲೆರಿಕ್ ಪಾತ್ರ ಮಾಡಿ ಅವರ ಜೊತೆ ಕಳಿಸಲೇ?

ಉತ್ತರ: ಎರಡೂ ಬೇಡ. ನಾಲ್ವರೂ ತಾವು ಆರಿಸಿಕೊಂಡ ಕ್ಲಾಸ್‌ನಲ್ಲೇ, ಅಂದರೆ ಪಾತ್ರದ ವೃತ್ತಿಯಲ್ಲೇ, ಆಡಲಿ. ಐದನೇ ಆವೃತ್ತಿಯಲ್ಲಿ ಪಾರ್ಟಿಗೆ, ಅಂದರೆ ಪಾತ್ರಗಳ ತಂಡಕ್ಕೆ, ಇಂಥದೇ ಕ್ಲಾಸ್ ಬೇಕು ಅಂತಿಲ್ಲ, ಕೆಲವು ಕೆಲಸಗಳು ಆಗಬೇಕು ಅಷ್ಟೇ. ಆ ಕೆಲಸಗಳನ್ನು ನಿಮ್ಮ ನಾಲ್ವರ ಕೈಗೇ ಹಂಚಬಹುದು, ಹೇಗೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಪತ್ರ ಓದಿದಾಗ ನನಗೆ ಚಿಂತೆ ಹತ್ತಿದ್ದು ಕ್ಲೆರಿಕ್ ವಿಷಯಕ್ಕಲ್ಲ. ಇಬ್ಬರು ರೋಗ್ ಇದ್ದಾರಲ್ಲ, ಅದಕ್ಕೆ. ಅದನ್ನು ನೀವು ಕೇಳಿಲ್ಲ, ಆದರೂ ಅಲ್ಲಿಗೆ ಬರುತ್ತೇನೆ.

ಮೊದಲು ಈ ಭಯ ಎಲ್ಲಿಂದ ಬಂತು ನೋಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಮರುವರ್ಷ ಗ್ರೇಹಾಕ್ ಪುರವಣಿಯಲ್ಲಿ ಥೀಫ್ ಬಂತು. ನಾಲ್ಕು ಕ್ಲಾಸ್, ನಾಲ್ಕು ಕೆಲಸ, ಒಬ್ಬರ ಕೆಲಸ ಇನ್ನೊಬ್ಬರಿಗೆ ಬಾರದು. ಆಗ ಕ್ಲೆರಿಕ್ ಇಲ್ಲದೆ ಸುರಂಗಕ್ಕೆ ಇಳಿಯುವುದು ನಿಜಕ್ಕೂ ಹುಚ್ಚುತನವಾಗಿತ್ತು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲೂ ಕಷ್ಟದ ಬಲೆಗಳನ್ನು ಹುಡುಕುವ ಹಕ್ಕು ರೋಗ್‌ಗೇ ಮೀಸಲಾಗಿತ್ತು. 2008ರ ನಾಲ್ಕನೇ ಆವೃತ್ತಿ ಇನ್ನೂ ಮುಂದೆ ಹೋಗಿ ಪ್ರತಿ ಕ್ಲಾಸ್‌ನ ಹಣೆಗೂ ಒಂದು ಚೀಟಿ ಅಂಟಿಸಿತು: ಡಿಫೆಂಡರ್, ಸ್ಟ್ರೈಕರ್, ಲೀಡರ್, ಕಂಟ್ರೋಲರ್. ನಾಲ್ಕೂ ಇರುವಂತೆ ಪಾರ್ಟಿ ಕಟ್ಟಿ ಎಂದು ಪುಸ್ತಕವೇ ಸಲಹೆ ಕೊಡುತ್ತಿತ್ತು. 2014ರ ಪುಸ್ತಕ ಆ ಚೀಟಿಗಳನ್ನೆಲ್ಲ ಕಿತ್ತುಹಾಕಿತು. ಬೀಗ ತೆಗೆಯಲು ಈಗ ರೋಗ್ ಆಗಬೇಕಿಲ್ಲ, ಕ್ರಿಮಿನಲ್ ಅಥವಾ ಅರ್ಚಿನ್ ಹಿನ್ನೆಲೆಯ ಯಾವ ಪಾತ್ರಕ್ಕೂ ಕಳ್ಳರ ಸಲಕರಣೆ ಬಳಸಲು ಬರುತ್ತದೆ. ಗಾಯ ವಾಸಿ ಮಾಡುವ ಮಂತ್ರ ಬಾರ್ಡ್, ಡ್ರೂಯಿಡ್, ಪ್ಯಾಲಡಿನ್, ರೇಂಜರ್ ಎಂಬ ಬೇರೆ ಕ್ಲಾಸ್‌ಗಳ ಪಟ್ಟಿಯಲ್ಲೂ ಇದೆ. ನಿಯಮ ಬದಲಾಯಿತು, ಮಾತು ಮಾತ್ರ ಹಳೆಯದೇ ಉಳಿಯಿತು.

ಇನ್ನು ‘ಟ್ಯಾಂಕ್’ ಅನ್ನುವ ಮಾತು. ನಮ್ಮಲ್ಲಿ ಹೆಚ್ಚಿನವರು ಈ ಆಟಕ್ಕೆ ಬರುವುದು ಕಂಪ್ಯೂಟರ್ ಆಟಗಳನ್ನು ಆಡಿದ ಮೇಲೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟದಲ್ಲಿ ಟ್ಯಾಂಕ್ ರಾಕ್ಷಸನನ್ನು ಕೆಣಕಿ ಏಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತಾನೆ, ಹೀಲರ್ ಹಿಂದೆ ನಿಂತು ಅವನನ್ನು ತುಂಬಿಸುತ್ತಲೇ ಇರುತ್ತಾನೆ. ಈ ಆಟದ ಟೇಬಲ್ಲಿನಲ್ಲಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸ ಯಾರನ್ನು ಹೊಡೆಯಬೇಕೆಂದು ಲೆಕ್ಕ ಹಾಕುವ ಯಂತ್ರವಿಲ್ಲ, ನೀವಿದ್ದೀರಿ. ಗಾಬ್ಲಿನ್‌ಗೆ ಬುದ್ಧಿಯಿದ್ದರೆ ಉಕ್ಕಿನ ಕವಚದವನನ್ನು ಬಳಸಿ ಹೋಗಿ ಹಿಂದಿರುವ ಸಾರ್ಸರರ್‌ಗೆ ಇರಿಯುತ್ತದೆ. ಫೈಟರ್ ಅದನ್ನು ತಡೆಯಬಹುದಾದದ್ದು ಒಂದು ಸುತ್ತಿಗೆ ಒಂದೇ ರಿಯಾಕ್ಷನ್‌ನಲ್ಲಿ, ಅಂದರೆ ಬೇರೆಯವರ ಸರದಿಯ ನಡುವೆ ಕೊಡುವ ಮರುಏಟಿನಲ್ಲಿ. ಸೆಂಟಿನೆಲ್ ಫೀಟ್ (ಪಾತ್ರ ಆರಿಸಿಕೊಳ್ಳಬಹುದಾದ ವಿಶೇಷ ವಿದ್ಯೆ) ಇದ್ದರೆ ಅದನ್ನು ಅಲ್ಲೇ ನಿಲ್ಲಿಸಬಹುದು, ಪ್ಯಾಲಡಿನ್‌ಗೆ ಶತ್ರುವನ್ನು ತನ್ನತ್ತ ಎಳೆಯುವ ಕಂಪೆಲ್ಡ್ ಡ್ಯುಯೆಲ್ ಮಂತ್ರ ಇದೆ. ಇಂಥವು ಬೆರಳೆಣಿಕೆಯಷ್ಟು. ಹಾಗಾಗಿ ಈ ಆಟದಲ್ಲಿ ಮುಂಚೂಣಿ ಎಂದರೆ ಬಹುಪಾಲು ಎಲ್ಲಿ ನಿಂತಿದ್ದೀರಿ ಅನ್ನುವ ಪ್ರಶ್ನೆ. ಐದಡಿ ಅಗಲದ ಗುಹೆಯ ಬಾಯಲ್ಲಿ ನಿಂತ ರೋಗ್ ಕೂಡ ಟ್ಯಾಂಕೇ, ಬಟಾಬಯಲಲ್ಲಿ ನಿಂತ ಫೈಟರ್ ಕೂಡ ಅಲ್ಲ.

ವಾಸಿ ಮಾಡುವ ಮಂತ್ರದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ನಿಮ್ಮ ಕಥೆಯ ಮೊದಲ ಕಾಳಗವೇ ಟ್ರೈಬೋರ್ ದಾರಿಯಲ್ಲಿ ಹೊಂಚು ಹಾಕಿದ ನಾಲ್ಕು ಗಾಬ್ಲಿನ್‌ಗಳದ್ದು. (ಈ ಆಟದಲ್ಲಿ ಪಾತ್ರ ವಹಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟುಗಳಿವೆ.) ಗಾಬ್ಲಿನ್‌ನ ಏಟಿಗೆ ಡಿ20, ಅಂದರೆ ಇಪ್ಪತ್ತು ಮುಖದ ದಾಳದ ಮೇಲೆ 4 ಸೇರುತ್ತದೆ, ತಗುಲಿದರೆ ಪೆಟ್ಟು 1ಡಿ6+2 (ಆರು ಮುಖದ ಒಂದು ದಾಳ, ಅದಕ್ಕೆ 2 ಕೂಡಿ), ಸರಾಸರಿ ಐದೂವರೆ. ಚರ್ಮದ ಕವಚದ ರೋಗ್‌ಗೆ ಆರ್ಮರ್ ಕ್ಲಾಸ್ (ಏಟು ತಗುಲಲು ದಾಳ ಮುಟ್ಟಬೇಕಾದ ಅಂಕ) 14 ಎಂದಿಟ್ಟುಕೊಳ್ಳಿ. ನೂರಕ್ಕೆ 55 ಏಟು ತಗುಲುತ್ತವೆ. ನಾಲ್ಕೂ ಒಬ್ಬರ ಮೇಲೇ ಬಿದ್ದರೆ ಒಂದು ಸುತ್ತಿಗೆ ಸುಮಾರು 12 ಹಿಟ್ ಪಾಯಿಂಟ್, ಅಂದರೆ ಜೀವಬಲದ ಅಂಕ, ಹೋಗುತ್ತದೆ. ಕ್ಲೆರಿಕ್ ತನ್ನ ಇಡೀ ಸರದಿ ಕೊಟ್ಟು ಕ್ಯೂರ್ ವೂಂಡ್ಸ್ ಹಾಕಿದರೆ ಮರಳಿ ಬರುವುದು 1ಡಿ8+3, ಸರಾಸರಿ ಏಳೂವರೆ. ಮೊದಲ ಲೆವೆಲ್‌ನಲ್ಲಿ ಹಾಗೆ ಹಾಕಲು ಸಾಧ್ಯವಾಗುವುದು ದಿನಕ್ಕೆ ಎರಡೇ ಸಲ. ಒಬ್ಬರನ್ನು ತುಂಬಿಸುತ್ತ ಕಾಳಗ ಗೆಲ್ಲುವ ಯೋಚನೆ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ನಿಲ್ಲುವ ಯೋಚನೆ ಬೇರೆ ಇದೆ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದವರು ಕೂಡಲೇ ಸಾಯುವುದಿಲ್ಲ, ಪ್ರತಿ ಸರದಿಗೊಮ್ಮೆ ದಾಳ ಉರುಳಿಸಿ ಮೂರು ಸಲ ಗೆದ್ದರೆ ಪ್ರಾಣ ಉಳಿಯುತ್ತದೆ, ಮೂರು ಸಲ ಸೋತರೆ ಹೋಗುತ್ತದೆ. ಆ ನಡುವೆ ಯಾರಾದರೂ ಒಂದೇ ಒಂದು ಹಿಟ್ ಪಾಯಿಂಟ್ ಕೊಟ್ಟರೂ ಎದ್ದು ಕೂರುತ್ತಾರೆ, ತಮ್ಮ ಸರದಿಯಲ್ಲಿ ಪೂರ್ತಿ ಶಕ್ತಿಯಿಂದ ಹೊಡೆಯುತ್ತಾರೆ. ಆದ್ದರಿಂದ ಅರವತ್ತು ಅಡಿ ದೂರದಿಂದ, ಬೋನಸ್ ಆ್ಯಕ್ಷನ್‌ನಲ್ಲಿ, ಅಂದರೆ ಸರದಿಯ ಮುಖ್ಯ ಕೆಲಸ ಕೈಬಿಡದೆ, ಹಾಕುವ ಹೀಲಿಂಗ್ ವರ್ಡ್ ಮಂತ್ರ ಬರೀ 1ಡಿ4+3 ಕೊಟ್ಟರೂ ಕ್ಯೂರ್ ವೂಂಡ್ಸ್‌ಗಿಂತ ಹೆಚ್ಚು ಬೆಲೆಯದು. ಪಾರ್ಟಿಗೆ ಬೇಕಾದದ್ದು ಹೀಲರ್ ಅಲ್ಲ, ಬಿದ್ದವರನ್ನು ಎಬ್ಬಿಸಬಲ್ಲ ಇಬ್ಬರು. ಒಬ್ಬರು ಸಾಲದು, ಬೀಳುವವರು ಅವರೇ ಆಗಿರಬಹುದು.

ನಿಮ್ಮ ನಾಲ್ವರಲ್ಲಿ ಆ ಇಬ್ಬರು ಯಾರು? ಸಾರ್ಸರರ್ ತನ್ನ ಮೂಲವನ್ನು, ವಾರ್ಲಾಕ್ ತಾನು ಒಪ್ಪಂದ ಮಾಡಿಕೊಂಡ ಪೇಟ್ರನ್ ಅನ್ನು ಮೊದಲ ಲೆವೆಲ್‌ನಲ್ಲೇ ಆರಿಸಬೇಕು. ನಿಮ್ಮ ಬಳಿ ಝಾನಥಾರ್ ಪುಸ್ತಕ ಇರುವುದರಿಂದ ಬಾಗಿಲು ಅಗಲವಾಗಿಯೇ ತೆರೆದಿದೆ. ಸಾರ್ಸರರ್ ಡಿವೈನ್ ಸೋಲ್ ಆದರೆ ಕ್ಲೆರಿಕ್‌ನ ಮಂತ್ರಗಳ ಪಟ್ಟಿಯಿಂದಲೂ ಕಲಿಯಬಹುದು, ಹೀಲಿಂಗ್ ವರ್ಡ್ ಅಲ್ಲೇ ಸಿಕ್ಕಿತು. ವಾರ್ಲಾಕ್ ಸೆಲೆಸ್ಟಿಯಲ್ ಪೇಟ್ರನ್ ಆರಿಸಿದರೆ ಹೀಲಿಂಗ್ ಲೈಟ್ ಸಿಗುತ್ತದೆ: ಮೊದಲ ಲೆವೆಲ್‌ನಲ್ಲಿ ಎರಡು ಡಿ6, ಬೋನಸ್ ಆ್ಯಕ್ಷನ್, ಅದೇ ಅರವತ್ತು ಅಡಿ, ಮಂತ್ರದ ಸ್ಲಾಟ್ (ಎಣಿಸಿ ಕೊಟ್ಟ ಮಂತ್ರದ ಅವಕಾಶ) ಖರ್ಚಿಲ್ಲ. ಅದೇ ವಾರ್ಲಾಕ್ ಹೆಕ್ಸ್‌ಬ್ಲೇಡ್ ಆದರೆ ನಿಮ್ಮ ಇನ್ನೊಂದು ಕೊರತೆ ತುಂಬುತ್ತಾನೆ. ಮಧ್ಯಮ ತೂಕದ ಕವಚ, ಗುರಾಣಿ ಎರಡೂ ಅವನಿಗೆ ಬರುತ್ತವೆ. ಕತ್ತಿಯನ್ನೂ ಕರಿಸ್ಮಾದಿಂದಲೇ, ಅಂದರೆ ಮಂತ್ರಕ್ಕೆ ಬಳಸುವ ವ್ಯಕ್ತಿತ್ವದ ಅಂಕದಿಂದಲೇ, ಬೀಸಬಹುದು. ಚೈನ್ ಶರ್ಟ್, ಗುರಾಣಿ, ಡೆಕ್ಸ್‌ಟೆರಿಟಿಯ (ಚುರುಕುತನದ) 2 ಸೇರಿದರೆ ಆರ್ಮರ್ ಕ್ಲಾಸ್ 17. ಅದೇ ಗಾಬ್ಲಿನ್ ಈಗ ನೂರಕ್ಕೆ ನಲವತ್ತು ಸಲ ಮಾತ್ರ ಹೊಡೆಯುತ್ತದೆ. ಸ್ಕೇಲ್ ಮೇಲ್ ತೊಟ್ಟರೆ 18 ಆಗುತ್ತದೆ ನಿಜ, ಆದರೆ ಅದು ಸದ್ದು ಮಾಡುತ್ತದೆ. ನಿಮ್ಮ ಈ ಪಾರ್ಟಿಗೆ ಸದ್ದು ವಿಷ. ಎರಡರ ಬೆಲೆಯೂ 50 ಚಿನ್ನದ ನಾಣ್ಯ. ಆರಂಭದ ಸಾಮಾನಿನಲ್ಲಿ ಇದು ಬರುವುದಿಲ್ಲವಾದ್ದರಿಂದ ಡಿಎಂ ಆದ ನೀವೇ ಉದಾರವಾಗಿ ಬದಲಿಸಿ ಕೊಡಿ.

ನನ್ನನ್ನು ಕೇಳಿದರೆ ಡಿವೈನ್ ಸೋಲ್ ಮತ್ತು ಹೆಕ್ಸ್‌ಬ್ಲೇಡ್ ಜೋಡಿಯೇ ಸರಿ ಅನ್ನುತ್ತೇನೆ. ಆದರೆ ಆಜ್ಞೆಯ ಹಾಗೆ ಹೇಳಬೇಡಿ. ಆ ಇಬ್ಬರ ಮುಂದೆ ಪುಸ್ತಕ ತೆರೆದಿಟ್ಟು, ಇದರಲ್ಲಿ ನಿಮಗೆ ಯಾವುದರ ಕಥೆ ಹಿಡಿಸುತ್ತದೆ ಅಂತ ಕೇಳಿ. ಮಾತಾಡುವ ಕತ್ತಿಯೊಂದಿಗೆ ಒಪ್ಪಂದ ಮಾಡಿಕೊಂಡವನ ಕಥೆ ಎಷ್ಟೋ ಜನಕ್ಕೆ ಇಷ್ಟವಾಗುತ್ತದೆ. ಹೀಲರ್ ಬೇಕು, ನೀನಾಗು ಅಂದರೆ ಮುಖ ತಿರುಗಿಸುವವರೇ, ನಿನ್ನ ರಕ್ತದಲ್ಲಿ ಯಾವುದೋ ದೇವತೆಯ ಕಿಡಿ ಇದೆ, ಯಾರದ್ದು ಅಂತ ನಿನಗೂ ಗೊತ್ತಿಲ್ಲ ಅಂದರೆ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ.

ಎಬ್ಬಿಸುವ ಎರಡನೆಯ ಕೈ ರೋಗ್‌ದಾಗಲಿ. ಹೀಲರ್ ಎಂಬ ಫೀಟ್ ಇದೆ. ಐದು ಚಿನ್ನದ ನಾಣ್ಯಕ್ಕೆ ಸಿಗುವ, ಹತ್ತು ಸಲ ಬಳಸಬಹುದಾದ ಹೀಲರ್ಸ್ ಕಿಟ್‌ನಿಂದ ಬಿದ್ದವರನ್ನು ಸ್ಥಿರ ಮಾಡಿದರೆ ಅವರಿಗೆ ಒಂದು ಹಿಟ್ ಪಾಯಿಂಟ್ ಸಿಕ್ಕು ಎಚ್ಚರವಾಗುತ್ತದೆ. ಬದುಕಿರುವವರಿಗಾದರೆ 1ಡಿ6+4, ಮೇಲೆ ಅವರ ಲೆವೆಲ್‌ನಷ್ಟು; ಇದು ಒಬ್ಬರಿಗೆ ಒಂದು ವಿಶ್ರಾಂತಿಯ ತನಕ ಒಮ್ಮೆ ಮಾತ್ರ. ಮೂರನೇ ಲೆವೆಲ್‌ನಲ್ಲಿ ಥೀಫ್ ಉಪವರ್ಗ ಆರಿಸಿದ ರೋಗ್‌ಗೆ ಫಾಸ್ಟ್ ಹ್ಯಾಂಡ್ಸ್ ಬರುತ್ತದೆ, ಆಗ ಈ ಕಿಟ್ ಅನ್ನು ಬೋನಸ್ ಆ್ಯಕ್ಷನ್‌ನಲ್ಲೇ ಬಳಸಲು ನೀವು ಒಪ್ಪಬಹುದು. ಪಾತ್ರದ ಜನಾಂಗ ವೇರಿಯಂಟ್ ಹ್ಯೂಮನ್ ಆದರೆ ಫೀಟ್ ಮೊದಲ ಲೆವೆಲ್‌ಗೇ ಸಿಗುತ್ತದೆ, ಇಲ್ಲವಾದರೆ ನಾಲ್ಕಕ್ಕೆ ಕಾಯಬೇಕು. ಕಳ್ಳನ ಚುರುಕು ಕೈಗೆ ಗಾಯ ಕಟ್ಟುವ ವಿದ್ಯೆ. ಕ್ಲೆರಿಕ್ ಅನ್ನುವ ಮಾತೇ ಬರದೆ ಆಸ್ಪತ್ರೆ ತೆರೆದಂತಾಯಿತು.

ಇನ್ನೊಂದು ಮಂತ್ರದ ಬಗ್ಗೆ ಹೇಳದಿದ್ದರೆ ಅನ್ಯಾಯ. 2014ರ ನಿಯಮದ ಸ್ಲೀಪ್. ಐದು ಡಿ8 ಉರುಳಿಸಿ ಬಂದಷ್ಟು ಹಿಟ್ ಪಾಯಿಂಟ್‌ಗಳ ಶತ್ರುಗಳು ನಿದ್ದೆ ಹೋಗುತ್ತಾರೆ, ಕಡಿಮೆ ಇರುವವರಿಂದ ಶುರುವಾಗಿ. ತಪ್ಪಿಸಿಕೊಳ್ಳಲು ಶತ್ರು ಉರುಳಿಸುವ ದಾಳ (ಸೇವ್) ಇಲ್ಲ, ಮಂತ್ರ ಹಿಡಿದಿಡುವ ಏಕಾಗ್ರತೆ (ಕಾನ್ಸೆಂಟ್ರೇಶನ್) ಬೇಕಿಲ್ಲ. ಸರಾಸರಿ ಇಪ್ಪತ್ತೆರಡೂವರೆ. ಗಾಬ್ಲಿನ್‌ಗೆ ಇರುವುದು ಏಳು ಹಿಟ್ ಪಾಯಿಂಟ್. ಅಂದರೆ ನಾಲ್ಕರಲ್ಲಿ ಮೂರು ಒಂದೇ ಸರದಿಯಲ್ಲಿ ಗೊರಕೆ. ಮಲಗಿದ ಗಾಬ್ಲಿನ್ ಯಾರನ್ನೂ ಗಾಯ ಮಾಡುವುದಿಲ್ಲ, ಆದ ಮೇಲೆ ವಾಸಿ ಮಾಡಬೇಕಾದದ್ದು ಏನೂ ಇರುವುದಿಲ್ಲ. ಸಾರ್ಸರರ್‌ಗೆ ಮೊದಲ ಲೆವೆಲ್‌ನಲ್ಲಿ ಆರಿಸಿಕೊಳ್ಳಲು ಸಿಗುವುದು ಎರಡು ಮಂತ್ರ: ಒಂದು ಸ್ಲೀಪ್, ಒಂದು ಹೀಲಿಂಗ್ ವರ್ಡ್. ಬೆಂಕಿ ಉಗುಳುವ ಆಸೆ ಅವಳಿಗಿದ್ದರೆ ಎಷ್ಟು ಸಲವಾದರೂ ಹಾಕಬಹುದಾದ ಫೈರ್ ಬೋಲ್ಟ್ ಕ್ಯಾಂಟ್ರಿಪ್ ಸಾಕು. ಐದನೇ ಲೆವೆಲ್ ಹೊತ್ತಿಗೆ ಸ್ಲೀಪ್ ಕೈಕೊಡುತ್ತದೆ. ಆಗ ಬದಲಿಸಿಕೊಳ್ಳಲಿ, ಆ ಹೊತ್ತಿಗೆ ಫೈರ್‌ಬಾಲ್ ಬಂದಿರುತ್ತದೆ.

ಈಗ ಇಬ್ಬರು ರೋಗ್‌ಗಳ ವಿಷಯ. ಇಲ್ಲಿ ಎರಡು ತೊಡಕಿವೆ, ಒಂದು ನಿಯಮದ್ದು, ಇನ್ನೊಂದು ಮನುಷ್ಯರದ್ದು.

ರೋಗ್‌ನ ಬಲವೆಲ್ಲ ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಪೆಟ್ಟಿನಲ್ಲಿದೆ. ಅದು ಸಿಗಬೇಕಾದರೆ ಏಟಿಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಹಿಡಿಯುವ ಅನುಕೂಲ) ಇರಬೇಕು, ಇಲ್ಲವೇ ಗುರಿಯ ಐದಡಿಯೊಳಗೆ ಅದರ ಇನ್ನೊಬ್ಬ ಶತ್ರು ನಿಂತಿರಬೇಕು. ಇಬ್ಬರೂ ಬಿಲ್ಲು ಹಿಡಿದು ಮರದ ಹಿಂದೆ ಕೂತರು, ಸಾರ್ಸರರ್ ದೂರದಿಂದ ಮಂತ್ರ, ವಾರ್ಲಾಕ್ ದೂರದಿಂದ ಎಲ್ಡ್ರಿಚ್ ಬ್ಲಾಸ್ಟ್ ಅಂದುಕೊಳ್ಳಿ. ಶತ್ರುವಿನ ಪಕ್ಕದಲ್ಲಿ ಯಾರೂ ಇಲ್ಲ. ಪ್ರತಿ ಸುತ್ತೂ ಅಡಗಿ ಹೊಡೆಯಲು ಜಾಗ ಸಿಗದಿದ್ದರೆ ಇಬ್ಬರೂ ಬರೀ ಬಾಣ ಬಿಡುವವರಾಗುತ್ತಾರೆ. ಎಲ್ಲರೂ ಹಿಂದೆ ಸರಿಯುತ್ತ ಹೋದರೆ ಇನ್ನೊಂದು ಆಗುತ್ತದೆ: ಎರಡನೇ ಲೆವೆಲ್‌ನ ಕನಿಂಗ್ ಆ್ಯಕ್ಷನ್‌ನಿಂದ ರೋಗ್‌ಗಳು ಸಲೀಸಾಗಿ ಜಾರಿಕೊಳ್ಳುತ್ತಾರೆ, ಕೊನೆಗೆ ಉಳಿಯುವುದು ಎಂಟು ಹಿಟ್ ಪಾಯಿಂಟ್‌ನ ಸಾರ್ಸರರ್. ಟ್ಯಾಂಕ್ ಇಲ್ಲ ಎಂದು ನೀವು ಹೆದರಿದ್ದರ ನಿಜವಾದ ರೂಪ ಇದು. ಹಾಗಾಗಿ ಒಬ್ಬ ರೋಗ್ ಬಿಲ್ಲು ಹಿಡಿಯಲಿ, ಇನ್ನೊಬ್ಬರು ರೇಪಿಯರ್ ಹಿಡಿದು ಹೆಕ್ಸ್‌ಬ್ಲೇಡ್ ಪಕ್ಕಕ್ಕೆ ನಿಲ್ಲಲಿ. ಆಗ ಇಬ್ಬರಿಗೂ ಸ್ನೀಕ್ ಅಟ್ಯಾಕ್ ಸಿಗುತ್ತದೆ. ರೇಪಿಯರ್‌ನವರು ಮೂರನೇ ಲೆವೆಲ್‌ನಲ್ಲಿ ಸ್ವಾಶ್‌ಬಕ್ಲರ್ ಆದರೆ ಒಂಟಿಯಾಗಿ ಶತ್ರುವಿನೆದುರು ನಿಂತಾಗಲೂ ಸಿಗುತ್ತದೆ. ಅದೂ ಝಾನಥಾರ್ ಪುಸ್ತಕದಲ್ಲೇ ಇದೆ.

ಮನುಷ್ಯರ ತೊಡಕು ಇದಕ್ಕಿಂತ ಕಠಿಣ. ತಾಳಮದ್ದಳೆ ಕೇಳಿದವರಿಗೆ ಗೊತ್ತು: ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಿಂದ ಕಟ್ಟುವ ಪ್ರಸಂಗ. ಒಬ್ಬ ಅರ್ಥಧಾರಿ ಹೇಳಬೇಕಾದ ಮಾತನ್ನು ಇನ್ನೊಬ್ಬ ಮೊದಲೇ ಹೇಳಿಬಿಟ್ಟರೆ ಅವನಿಗೆ ಕೂರಲು ಜಾಗವಿದ್ದರೂ ಆಡಲು ಏನೂ ಉಳಿಯುವುದಿಲ್ಲ. ನಿಮ್ಮ ಟೇಬಲ್ಲಿನಲ್ಲಿ ಬೀಗ ಹಾಕಿದ ಪೆಟ್ಟಿಗೆ ಎದುರಾದಾಗ ಇಬ್ಬರು ರೋಗ್‌ಗಳೂ ಒಟ್ಟಿಗೆ “ನಾನು ತೆಗೀತೀನಿ” ಅನ್ನುತ್ತಾರೆ. ದಾಳ ಉರುಳಿಸುವವರು ಒಬ್ಬರೇ. ಮೊದಲ ವಾರ ನಗು, ನಾಲ್ಕನೇ ವಾರ ಒಬ್ಬರ ಕೈ ಫೋನಿನ ಮೇಲೆ. ಗಾಯಕ್ಕೆ ಔಷಧಿ ಇದೆ, ಈ ಬೇಸರಕ್ಕೆ ನಿಯಮ ಪುಸ್ತಕದಲ್ಲಿ ಔಷಧಿ ಇಲ್ಲ. ಪಾರ್ಟಿಗಳು ಒಡೆಯುವುದು ಬಹುತೇಕ ಇಂಥಲ್ಲೇ, ಡ್ರ್ಯಾಗನ್ ಬಾಯಲ್ಲಲ್ಲ.

ಪಾತ್ರಗಳನ್ನು ಬರೆಯುವ ದಿನ ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಮನೆಯಲ್ಲಿ ಒಬ್ಬೊಬ್ಬರೇ ಬರೆದು ತರುವುದು ಬೇಡ. ನೀನು ರೋಗ್ ಆರಿಸಿದ್ದು ಯಾಕೆ ಅಂತ ಇಬ್ಬರನ್ನೂ ಕೇಳಿ. ಒಂದೇ ಉತ್ತರ ಬರುವುದು ಅಪರೂಪ. ಒಬ್ಬರಿಗೆ ಕತ್ತಲಲ್ಲಿ ನುಗ್ಗುವುದು, ಬಲೆ ಕಳಚುವುದು ಇಷ್ಟ. ಇನ್ನೊಬ್ಬರಿಗೆ ಸುಳ್ಳು ಹೇಳಿ ಕಾವಲುಗಾರನನ್ನು ಯಾಮಾರಿಸುವುದು, ಛಾವಣಿಯಿಂದ ಛಾವಣಿಗೆ ಹಾರುವುದು ಇಷ್ಟ. ಆ ಉತ್ತರದ ಮೇಲೆ ಎಕ್ಸ್‌ಪರ್ಟೀಸ್ (ಆರಿಸಿದ ಕೌಶಲದಲ್ಲಿ ಇಮ್ಮಡಿ ಪರಿಣತಿ) ಹಂಚಿ. ಮೊದಲಿನವರಿಗೆ ಕಳ್ಳರ ಸಲಕರಣೆ ಮತ್ತು ಇನ್ವೆಸ್ಟಿಗೇಶನ್; ಇನ್ನೊಬ್ಬರಿಗೆ ಪರ್ಸೆಪ್ಶನ್ ಮತ್ತು ಅಕ್ರೋಬ್ಯಾಟಿಕ್ಸ್. ಸ್ಟೆಲ್ತ್ ಇಬ್ಬರಿಗೂ ಇರಲಿ, ಅದಕ್ಕೆ ಜಗಳವಿಲ್ಲ, ಜೊತೆಯಾಗಿ ನುಸುಳಲು ಇಬ್ಬರೂ ಬೇಕು. ಮೂರನೇ ಲೆವೆಲ್ ಬಂದಾಗ ಉಪವರ್ಗ ಬೇರೆ ಬೇರೆ ಇರಬೇಕೆಂದು ಈಗಲೇ ಮಾತಾಡಿಕೊಳ್ಳಿ. ಸಾಧ್ಯವಾದರೆ ಇಬ್ಬರೂ ಒಂದೇ ಗುರುವಿನ ಬಳಿ ಕಲಿತವರು, ಅಥವಾ ಅಕ್ಕ ತಮ್ಮ, ಅಂತ ಕಥೆ ಕಟ್ಟಿ. ಹಾಗೆ ಕಟ್ಟಿಕೊಂಡ ಜೋಡಿಗಳು ಪೈಪೋಟಿಯನ್ನೇ ಆಟ ಮಾಡಿಕೊಳ್ಳುತ್ತವೆ.

ಮಾತಿನ ವಿಷಯದಲ್ಲೂ ಇದೇ ಕಥೆ, ಸ್ವಲ್ಪ ಸಣ್ಣದು. ಸಾರ್ಸರರ್, ವಾರ್ಲಾಕ್ ಇಬ್ಬರದ್ದೂ ಕರಿಸ್ಮಾ. ಒಬ್ಬರು ಪರ್ಸ್ವೇಶನ್ ತೆಗೆದುಕೊಂಡರೆ ಇನ್ನೊಬ್ಬರು ಇಂಟಿಮಿಡೇಶನ್ ತೆಗೆದುಕೊಳ್ಳಲಿ. ಊರಿನ ಜನ ಯಾರ ಮುಖ ನೋಡಿ ಮಾತಾಡುತ್ತಾರೆ ಅನ್ನುವುದನ್ನು ಡಿಎಂ ಆದ ನೀವೇ ಬದಲಿಸುತ್ತಿರಿ. ಇನ್ನೊಂದು ತೂತು ಇದೆ: ವಿಸ್ಡಮ್ ಮುಖ್ಯವಾಗಿರುವ ಪಾತ್ರ ನಿಮ್ಮಲ್ಲಿ ಒಂದೂ ಇಲ್ಲ. ಹೊಂಚು ಕಾಣುವುದು, ಹೆಜ್ಜೆಗುರುತು ಹಿಡಿಯುವುದು, ಎದುರಿನವನು ಸುಳ್ಳು ಹೇಳುತ್ತಿದ್ದಾನೋ ತಿಳಿಯುವುದು ಎಲ್ಲ ಅದರಲ್ಲೇ ಬರುತ್ತದೆ. ಕ್ಲೆರಿಕ್ ಇದ್ದಿದ್ದರೆ ತಾನಾಗಿ ಮುಚ್ಚಿಹೋಗುತ್ತಿದ್ದ ತೂತು ಇದು. ವಾಸಿ ಮಾಡುವವರಿಲ್ಲ ಎಂದು ಕೊರಗುವವರು ಇದನ್ನು ಗಮನಿಸುವುದೇ ಇಲ್ಲ. ಪರ್ಸೆಪ್ಶನ್ ಎಕ್ಸ್‌ಪರ್ಟೀಸ್ ಒಬ್ಬ ರೋಗ್‌ಗೆ ಕೊಡಿ ಎಂದದ್ದು ಇದಕ್ಕೇ. ಸುಳ್ಳು ಹಿಡಿಯುವ ಇನ್‌ಸೈಟ್ ಕೌಶಲ ವಾರ್ಲಾಕ್‌ನ ಕ್ಲಾಸ್ ಪಟ್ಟಿಯಲ್ಲಿಲ್ಲ, ಹಿನ್ನೆಲೆಯಿಂದ ಪಡೆಯಬಹುದು.

ನೀವೇ ಕ್ಲೆರಿಕ್ ಆಡುವ ಯೋಚನೆ ಬಿಟ್ಟುಬಿಡಿ. ಗಾಬ್ಲಿನ್‌ನ ಏಟೂ ನಿಮ್ಮದೇ, ಅದನ್ನು ವಾಸಿ ಮಾಡುವುದೂ ನೀವೇ ಅಂದರೆ ನಾಲ್ವರು ಸುಮ್ಮನೆ ಕೂತು ನೋಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ಒಗಟು ಎದುರಾದಾಗ ಎಲ್ಲರೂ ನಿಮ್ಮ ಕ್ಲೆರಿಕ್ ಮುಖ ನೋಡುತ್ತಾರೆ, ಅವಳಿಗೆ ಉತ್ತರ ಗೊತ್ತು ಅಂತ ಎಲ್ಲರಿಗೂ ಗೊತ್ತು. ಐದನೇ ಜೊತೆಗಾರ ಬೇಕೇಬೇಕು ಅನ್ನಿಸಿದರೆ 2020ರ ಟಾಶಾ ಪುಸ್ತಕದಲ್ಲಿ ಸೈಡ್‌ಕಿಕ್, ಅಂದರೆ ಸಹಾಯಕ ಪಾತ್ರದ, ನಿಯಮಗಳಿವೆ. ಅದರಲ್ಲಿ ವಾರಿಯರ್ ಮಾಡಿ ಆಟಗಾರರ ಕೈಗೇ ಕೊಡಿ, ಕಾಳಗದಲ್ಲಿ ವಾರಕ್ಕೊಬ್ಬರು ಆಡಿಸಲಿ. ನಿಮಗೆ ಆ ಶ್ರಮವೂ ಬೇಡವೇನೋ. ನೀವು ಆಡಿಸುವ ಕಥೆಯಲ್ಲೇ ಸಿಲ್ಡಾರ್ ಹಾಲ್‌ವಿಂಟರ್ ಎಂಬ ನುರಿತ ಕತ್ತಿಯಾಳು ಕ್ರ್ಯಾಗ್‌ಮಾ ಗುಹೆಯಲ್ಲಿ ಸೆರೆಯಾಗಿದ್ದಾನೆ. ಬಿಡಿಸಿದರೆ ಊರಿನವರೆಗೆ ಜೊತೆ ಬರುತ್ತಾನೆ. ಅವನಿಗೊಂದು ಕತ್ತಿ ಕವಚ ಕೊಟ್ಟರೆ ಮುಂಚೂಣಿ ಸಿದ್ಧ. ಫ್ಯಾಂಡಲಿನ್ ಊರಿನಲ್ಲಿ ಟೈಮೋರಾ ದೇವಿಯ ಗುಡಿ ನೋಡಿಕೊಳ್ಳುವ ಸಿಸ್ಟರ್ ಗರೇಲ್ ಇದ್ದಾಳೆ, ಊರಿಗೆ ಮರಳಿದಾಗ ದೊಡ್ಡ ಗಾಯಗಳಿಗೆ ಅವಳನ್ನು ಬಳಸಿಕೊಳ್ಳಿ.

ಮೊದಲ ಲೆವೆಲ್‌ನಲ್ಲಿ ನಿಮ್ಮ ಕಡೆಯಿಂದಲೂ ಒಂದಿಷ್ಟು ಕನಿಕರ ಬೇಕು. ಆ ಕ್ರ್ಯಾಗ್‌ಮಾ ಗುಹೆಯ ಯಜಮಾನ ಕ್ಲಾರ್ಗ್ ಒಬ್ಬ ಬಗ್‌ಬೇರ್, ಗಾಬ್ಲಿನ್‌ಗಿಂತ ದೊಡ್ಡ ರಾಕ್ಷಸ. ಅವನ ಗದೆಯ ಏಟು 2ಡಿ8+2. ಸೊನ್ನೆ ಮುಟ್ಟಿದ ಮೇಲೆ ಉಳಿದ ಪೆಟ್ಟು ಪೂರ್ತಿ ಹಿಟ್ ಪಾಯಿಂಟ್‌ನಷ್ಟಾದರೆ ಪಾತ್ರ ನೇರ ಸಾಯುತ್ತದೆ. ಎಂಟು ಹಿಟ್ ಪಾಯಿಂಟ್‌ನ ಸಾರ್ಸರರ್‌ಗೆ 16 ಬಿದ್ದರೆ ಹೀಲಿಂಗ್ ವರ್ಡ್ ಹಾಕಲು ಯಾರೂ ಇರುವುದಿಲ್ಲ. ತಗುಲಿದ ಹನ್ನೊಂದು ಏಟಿನಲ್ಲಿ ಒಂದು ಅಷ್ಟು ಬೀಳುತ್ತದೆ. ಅವನು ಮರೆಯಿಂದ ಹಠಾತ್ ಎರಗಿದರೆ ಇನ್ನೂ 2ಡಿ6 ಸೇರುತ್ತದೆ. ಇದಕ್ಕೆ ಕ್ಲೆರಿಕ್ ಇದ್ದರೂ ಪರಿಹಾರವಿಲ್ಲ, ಗುಹೆ ಹೊಕ್ಕುವ ಮೊದಲು ಎರಡನೇ ಲೆವೆಲ್ ಕೊಟ್ಟುಬಿಡುವುದೇ ಸರಿ. ಪ್ರತಿಯೊಬ್ಬರ ಚೀಲದಲ್ಲೂ ಒಂದು ಪೋಶನ್ ಆಫ್ ಹೀಲಿಂಗ್ ಇಟ್ಟೇ ಆಟ ಶುರು ಮಾಡಿ. ಅಂಗಡಿಯಲ್ಲಿ ಅದಕ್ಕೆ 50 ಚಿನ್ನದ ನಾಣ್ಯ, ಕೊಡುವುದು 2ಡಿ4+2. ಬಿದ್ದವರ ಬಾಯಿಗೆ ಇನ್ನೊಬ್ಬರು ಸುರಿಯಬಹುದು ಎಂದು ಮೊದಲೇ ಹೇಳಿಬಿಡಿ, ಹೊಸಬರಿಗೆ ಇದು ಹೊಳೆಯುವುದಿಲ್ಲ. ವಾರ್ಲಾಕ್‌ನ ಸ್ಲಾಟ್‌ಗಳು ಒಂದು ಗಂಟೆಯ ಸಣ್ಣ ವಿಶ್ರಾಂತಿಗೇ ಮರಳಿ ಬರುತ್ತವೆ, ಹಿಟ್ ಡೈಸ್ (ಚೇತರಿಕೆಯ ದಾಳಗಳು) ಖರ್ಚು ಮಾಡಿ ಎಲ್ಲರೂ ಚೇತರಿಸಿಕೊಳ್ಳುವುದೂ ಆಗಲೇ. ಹಾಗಾಗಿ ಆ ಒಂದು ಗಂಟೆಗೆ ಕಥೆಯಲ್ಲಿ ಜಾಗ ಬಿಡಿ. ಪ್ರತಿ ಸಲ ಕೂತಾಗಲೂ ತೋಳ ಕಳಿಸಬೇಡಿ.

ಇಷ್ಟೆಲ್ಲ ತೇಪೆ ಹಾಕುವುದರ ಬಗ್ಗೆ ಆಯಿತು, ನಿಮ್ಮ ಪಾರ್ಟಿಗೆ ಇರುವ ಶಕ್ತಿಯನ್ನು ಯಾರೂ ನಿಮಗೆ ಹೇಳಿದಂತಿಲ್ಲ. ನಾಲ್ವರಲ್ಲಿ ಯಾರ ಕವಚವೂ ಝಣಝಣ ಅನ್ನುವುದಿಲ್ಲ. ಗುಂಪಾಗಿ ನುಸುಳುವಾಗ ಅರ್ಧದಷ್ಟು ಜನರ ದಾಳ ಗೆದ್ದರೆ ಇಡೀ ಗುಂಪು ಗೆದ್ದಂತೆ. ಇಬ್ಬರು ರೋಗ್ ಇರುವ ನಾಲ್ವರಿಗೆ ಅದು ಸುಲಭದ ತುತ್ತು. ಹಠಾತ್ ಎರಗಿದರೆ ಗೊತ್ತಾಗದ ಶತ್ರು ಮೊದಲ ಸರದಿಯಲ್ಲಿ ಅಲುಗಾಡುವಂತಿಲ್ಲ. ಎರಡು ಸ್ನೀಕ್ ಅಟ್ಯಾಕ್, ಒಂದು ಸ್ಲೀಪ್, ಒಂದು ಎಲ್ಡ್ರಿಚ್ ಬ್ಲಾಸ್ಟ್. ಕಾಳಗ ಶುರುವಾಗುವ ಮೊದಲೇ ಮುಗಿದಿರುತ್ತದೆ. ಕ್ರ್ಯಾಗ್‌ಮಾ ಗುಹೆಯಲ್ಲಿ ತೋಳಗಳನ್ನು ಕಟ್ಟಿದ ಜಾಗದ ಹಿಂದೆ ಒಂದು ಬಿರುಕಿದೆ, ಅದರಲ್ಲಿ ಮೇಲೇರಿದರೆ ನೇರ ಕ್ಲಾರ್ಗ್‌ನ ಗುಹೆಗೆ ಹೋಗುತ್ತದೆ. ಕಬ್ಬಿಣ ತೊಟ್ಟ ಪಾರ್ಟಿ ಅದನ್ನು ಕಂಡರೂ ಮುಂಬಾಗಿಲಿಂದಲೇ ನುಗ್ಗುತ್ತದೆ. ನಿಮ್ಮವರ ಮುಂದೆ ಆ ಬಿರುಕನ್ನು ಚೆನ್ನಾಗಿ ಬಣ್ಣಿಸಿ, ಮಿಕ್ಕದ್ದು ಅವರು ನೋಡಿಕೊಳ್ಳುತ್ತಾರೆ. ಇದು ದರೋಡೆಕೋರರ ತಂಡ, ಸೈನ್ಯವಲ್ಲ. ಓಡಿಹೋಗುವುದೂ ಆಟದಲ್ಲಿ ನ್ಯಾಯವೇ ಎಂದು ಮೊದಲ ದಿನವೇ ಹೇಳಿ, ಓಡಿದಾಗ ಬೆನ್ನಟ್ಟಿ ಕೊಲ್ಲಬೇಡಿ.

ಒಂದು ಎಚ್ಚರಿಕೆ: ಯಾರಾದರೂ 2024ರ ಹೊಸ ಹ್ಯಾಂಡ್‌ಬುಕ್ ತಂದರೆ ಮೇಲಿನ ಲೆಕ್ಕ ಕೆಲವು ಕಡೆ ಬದಲಾಗುತ್ತದೆ. ಕ್ಯೂರ್ ವೂಂಡ್ಸ್, ಹೀಲಿಂಗ್ ವರ್ಡ್ ಎರಡರ ದಾಳಗಳೂ ಇಮ್ಮಡಿಯಾಗಿವೆ. ಪೋಶನ್ ಕುಡಿಯಲು ಬೋನಸ್ ಆ್ಯಕ್ಷನ್ ಸಾಕು. ಸ್ಲೀಪ್‌ಗೆ ಈಗ ಸೇವ್ ಇದೆ, ಹಳೆಯ ದರ್ಪ ಇಲ್ಲ. ಎಲ್ಲ ಉಪವರ್ಗಗಳೂ ಮೂರನೇ ಲೆವೆಲ್‌ಗೆ ಹೋಗಿವೆ, ಆದ್ದರಿಂದ ಪೇಟ್ರನ್ ಬದಲಿಸಿ ಕೊರತೆ ತುಂಬುವ ನನ್ನ ಉಪಾಯ ಮೊದಲೆರಡು ಲೆವೆಲ್‌ಗೆ ಒದಗುವುದಿಲ್ಲ. ಎರಡು ಪುಸ್ತಕಗಳನ್ನು ಬೆರೆಸದೆ ಒಂದನ್ನೇ ಹಿಡಿಯಿರಿ.

ಮೂರನೇ ಲೆವೆಲ್ ಮುಟ್ಟಿದ ದಿನ ಆಟಕ್ಕೆ ಮೊದಲು ಅರ್ಧ ಗಂಟೆ ಎತ್ತಿಟ್ಟು ನಾಲ್ವರನ್ನೂ ಕೇಳಿ: ಕಳೆದ ಕೆಲವು ವಾರದಲ್ಲಿ ನಿನ್ನ ಪಾತ್ರ ಮಾಡಿದ್ದರಲ್ಲಿ ನಿನಗೆ ನೆನಪಿರುವುದು ಯಾವುದು? ಯಾರಿಗಾದರೂ ಏನೂ ನೆನಪಾಗದಿದ್ದರೆ ಮುಂದಿನ ಅಧ್ಯಾಯವನ್ನು ಅವರ ಪಾತ್ರದ ಸುತ್ತ ಹೆಣೆಯಿರಿ. ಕ್ಲಾಸ್ ಬದಲಿಸಬೇಕು ಅಂದರೆ ಆ ಹೊತ್ತಿಗೆ ಬದಲಿಸಲು ಬಿಡಿ, ಕಥೆಯಲ್ಲಿ ಕಾರಣ ಹುಡುಕುತ್ತ ಕೂರಬೇಡಿ. ಆಗ ಯಾರಾದರೂ ತಾವಾಗಿಯೇ ಕ್ಲೆರಿಕ್ ಆಗುತ್ತೇನೆ ಅಂದರೆ ಸಂತೋಷ, ಆದರೆ ಪೋಶನ್‌ಗಳನ್ನು ವಾಪಸ್ ಕೇಳಬೇಡಿ.